ಸೋಮವಾರದ ಸಾಲು

ಕಲ್ಲವ್ವ ಪುಣೆ ಕ್ಯಾಂಪಿನ ಆ ಮನೆಗೆ ಎರಡನೇ ಹೆಂಡತಿಯಾಗಿ ಬಂದ ದಿನವೇ ಅತ್ತೆ ರುದ್ರವ್ವ ಅವಳ ಕೊರಳಿಗೆ ಒಂದು ಬೆಳ್ಳಿಯ ಬಿಲ್ಲೆ ಕಟ್ಟಿದಳು. ಎಂಟಾಣೆಯಷ್ಟು ಅಗಲ, ಮೇಲೊಂದು ಹೆಣ್ಣಿನ ಆಕಾರ. ತೀರಿಕೊಂಡ ಮೊದಲ ಹೆಂಡತಿ ಭೀಮವ್ವನ ಹೆಸರಿನದು. ಎರಡನೇ ಸಂಬಂಧಕ್ಕೆ ಬಂದವಳು ಸತ್ತ ಸವತಿಯನ್ನು ಹೀಗೆ ಕೊರಳಲ್ಲೇ ಹೊತ್ತಿರಬೇಕು. ಹೊಸ ಸೀರೆಯಾಗಲಿ, ಹೋಳಿಗೆಯಾಗಲಿ, ಮೊದಲು ಆ ಬಿಲ್ಲೆಗೆ ಮುಟ್ಟಿಸಿ ಆಮೇಲೆ ತಾನು ಉಡಬೇಕು, ತಾನು ತಿನ್ನಬೇಕು. ಇಲ್ಲದಿದ್ದರೆ ಸತ್ತವಳು ಸುಮ್ಮನಿರುತ್ತಾಳೆಯೇ? ಬದುಕಿದ್ದಾಗ ಎಷ್ಟೇ ಬಡಪಾಯಿಯಾಗಿರಲಿ, ಸವತಿ ಸವತಿಯೇ.

"ಅಕಿ ನಿನಗ ಅಕ್ಕ ಆಗಬೇಕವಾ," ಎಂದಳು ರುದ್ರವ್ವ. "ಅಕ್ಕನ್ನ ಮರೀಬ್ಯಾಡ."

ಕಲ್ಲವ್ವ ಹೂಂ ಅಂದಳು. ಬೆಟಗೇರಿಯ ನೇಕಾರರ ಓಣಿಯಿಂದ ಬಂದ ಹತ್ತೊಂಬತ್ತರ ಹುಡುಗಿ, ಮತ್ತೇನು ಅಂದಾಳು?

ರುದ್ರವ್ವ ಕೆಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಯಾರೂ ತಲೆಗೊಂದು ಮಾತಾಡಬಾರದು. ಸೊಸೆಗೆ ತಲೆ ಬಾಚುವಳು, ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ಕೈಗೆ ಕೊಡುವಳು. ಎರಡೂ ಕಣ್ಣಿಗೆ ಪೊರೆ ಬಂದು ಬೆಳಕು ನೆರಳು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಆದರೆ ಬೆರಳು! ಅಬ್ಬಾ, ಆ ಬೆರಳಿಗೆ ಕಣ್ಣಿದ್ದವು. ಮೊರದ ತುಂಬ ಅಕ್ಕಿ ಹರವಿಕೊಂಡು ಕೂತರೆ ಸಾಸಿವೆಯಷ್ಟು ಕಲ್ಲೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಸೀರೆಯ ಸೆರಗು ಹಿಡಿದು ಇದು ಇಳಕಲ್ಲಿನದು, ಇದು ಗುಳೇದಗುಡ್ಡದ್ದು ಎಂದು ಹೇಳುವಳು. ಓಣಿಯ ಹೆಂಗಸರು ಅಕ್ಕಿ ಬೇಳೆ ತಂದು "ನೋಡ್ರಿ ರುದ್ರವ್ವ" ಎಂದು ಅವಳ ಮುಂದೆ ಇಡುತ್ತಿದ್ದರು. ಅವಳಿಗೆ ಅದರ ಬಗ್ಗೆ ಭಾರೀ ಹೆಮ್ಮೆ.

ಮಗ ಸಂಕಪ್ಪ ಮಿಲಿಟರಿಯವರ ಬಟ್ಟೆ ಗೋದಾಮಿನಲ್ಲಿ ಕಾರಕೂನ. ಒಳ್ಳೆಯವನೇ, ಆದರೆ ಅವ್ವ ಅಂದದ್ದಕ್ಕೆಲ್ಲ ತಲೆಯಾಡಿಸುವ ಕೋಲೆಬಸವ.

ಬಂದ ತಿಂಗಳೊಪ್ಪತ್ತಿಗೆ, ಒಂದು ಶನಿವಾರ, ರುದ್ರವ್ವ ಟ್ರಂಕಿನಿಂದ ಒಂದು ಗಂಟು ತೆಗೆದು ಕಲ್ಲವ್ವನ ಮಡಿಲಿಗೆ ಹಾಕಿದಳು. ಬಿಚ್ಚಿದರೆ ಬಿಳಿ ದಾರದಲ್ಲಿ ಹೆಣೆದ ಕ್ರೋಶಾ, ದಿಂಬಿನ ಹೊದಿಕೆ. ಪಡಸಾಲೆಯ ಗಾದಿಯ ಮೇಲೆ, ಬಂದವರ ಕಣ್ಣಿಗೆ ಬೀಳುವಂತೆ ಇಡುವ ಅಲಂಕಾರದ ದಿಂಬಿಗೆಂದು ಭೀಮವ್ವ ಹೆಣೆಯುತ್ತಿದ್ದದ್ದು. ಆರು ಸಾಲು ಗೆರೆಗೆರೆಯಾಗಿ ಎದ್ದ ಸಾದಾ ಹೆಣಿಕೆ, ಏಳನೆಯ ಸಾಲು ಪೂರ್ತಿ ಗುಳ್ಳೆಗಳು. ಒಂದೇ ತೂತಿನಲ್ಲಿ ಐದು ಉದ್ದ ಕುಣಿಕೆ ಎಳೆದು ಒಟ್ಟಿಗೆ ಬಿಗಿದರೆ ಕಡಲೆಕಾಳಿನ ಹಾಗೆ ಉಬ್ಬಿ ನಿಲ್ಲುವ ಗುಳ್ಳೆ. ಮತ್ತೆ ಆರು ಸಾದಾ, ಮತ್ತೆ ಗುಳ್ಳೆ. ಅಂಥ ಗುಳ್ಳೆಯ ಸಾಲು ಹನ್ನೊಂದಿದ್ದವು. ಹನ್ನೊಂದನೆಯದರ ಮೇಲೆ ನಾಲ್ಕು ಸಾದಾ ಸಾಲು ಹಾಕಿ ಕೈ ನಿಂತಿತ್ತು. ಕೊಕ್ಕೆಯ ಕಡ್ಡಿ ಕೊನೆಯ ಕುಣಿಕೆಯಲ್ಲಿ ಹಾಗೇ ಸಿಕ್ಕಿಕೊಂಡು, ತುಕ್ಕು ಹಿಡಿದು, ದಾರಕ್ಕೆ ಕಂದು ಕಲೆ ಬಿಟ್ಟಿತ್ತು.

"ಸತ್ತವರ ಅರ್ಧಾ ಕೆಲಸ ಮನ್ಯಾಗ ಉಳೀಬಾರದು," ಎಂದಳು ರುದ್ರವ್ವ. "ಉಳೀತಂದ್ರ ಅದು ಇನ್ನೊಂದು ಕೈ ಬೇಡ್ತದ. ಬಿಚ್ಚಬಾರದು, ಒಗೀಬಾರದು. ನಿನಗ ಕ್ರೋಶಾ ಬರ್ತದಂತಲ್ಲ?"

"ಬರ್ತದ್ರಿ ಅತ್ತಿ. ಬೆಟಗೇರಿ ಮಿಶನ್ ಸಾಲ್ಯಾಗ ಕಲ್ತೀನಿ."

"ಹಂಗಾರ ಮುಗಸು. ಹಿರಿಯಕ್ಕನ ಚಾಳಿ ಮನಿಮಂದಿಗೆಲ್ಲ ಅಂತ ಸುಮ್ಮನ ಅಂದಾರೇನು?" ಎಂದು ಮುದುಕಿ ನಕ್ಕಳು. ಕಲ್ಲವ್ವನೂ ನಕ್ಕಳು. ತುಕ್ಕು ಹಿಡಿದ ಕಡ್ಡಿಯನ್ನು ಮೆಲ್ಲಗೆ ಬಿಡಿಸಿ, ತನ್ನ ಕಡ್ಡಿಯನ್ನು ಅದೇ ಕುಣಿಕೆಗೆ ಹಾಕಿ, ಅದೇ ದಿನ ಒಂದು ಸಾಲು ಮುಗಿಸಿದಳು. ದಿನಕ್ಕೊಂದೇ ಸಾಲು, ಅದಕ್ಕಿಂತ ಹೆಚ್ಚಿಗೆ ಮನೆಗೆಲಸ ಬಿಡುತ್ತಿರಲಿಲ್ಲ. ಶನಿವಾರ ಒಂದು, ರವಿವಾರ ಒಂದು. ಸೋಮವಾರ ಗುಳ್ಳೆಯ ಸಾಲಿನ ಪಾಳಿ ಬಂತು.

ಆ ಸೋಮವಾರ ನಸುಕಿನಲ್ಲಿ, ದಂಡಿನ ಸೋಜರರ ತುತ್ತೂರಿ ಕೇಳುವ ಹೊತ್ತಿಗೆ, ಅವಳು ಗುಳ್ಳೆಯ ಸಾಲು ಮುಗಿಸಿ ಏಳುವಷ್ಟರಲ್ಲಿ ರುದ್ರವ್ವ ಬೆಲ್ಲದ ಹಾಲಿನ ಬಟ್ಟಲು ಹಿಡಿದು ಬಂದಳು. ಸೊಂಟಕ್ಕೆ ಕಟ್ಟಿಕೊಂಡ ಸಂಚಿಯಲ್ಲಿ ಒಂದು ತಗಡಿನ ಡಬ್ಬಿ, ಅದರ ತುಂಬ ಬಿಳಿ ಭಸ್ಮದ ಪುಡಿಕೆಗಳು. ಒಂದನ್ನು ಬಿಚ್ಚಿ ಹಾಲಿಗೆ ಹಾಕಿ ಬೆರಳಿನಿಂದ ಕಲಸಿದಳು.

"ಗಂಡಸ ಮಗು ಆಗೂ ಔಷಧ. ನದಿ ಆಚೆ ಭಾಂಬುರ್ಡ್ಯಾಗ ಒಬ್ಬಾಂವ ಭಸ್ಮದ ವೈದ್ಯ ಕೂಡ್ತಿದ್ದ, ಇದು ಅವನು ಕೊಟ್ಟದ್ದು, ಈಗ ಎಲ್ಲಿ ಹೋದನೋ ಶಿವನ ಬಲ್ಲ. ಅವನ ಗುರುವಿನ ಕೈಯಿಂದ ನಾ ಭಸ್ಮ ತಗೊಂಡs ಸಂಕಪ್ಪನ್ನ ಹಡದೀನಿ. ಹನ್ನೆರಡು ಸೋಮವಾರದ ನೇಮ. ಭೀಮಿ ಹನ್ನೊಂದು ಮುಗಿಸಿದ್ಲು ನೋಡವಾ, ಒಂದs ಒಂದು ಉಳದಿತ್ತು, ಅಷ್ಟರಾಗ ಹೊಟ್ಟಿ ಬ್ಯಾನಿ ಬಂದು ಹೋಗಿಬಿಟ್ಲು. ಹನ್ನೆರಡನೇದೂ ಆಗಿದ್ರ ಇವತ್ತ ನಾ ಮೊಮ್ಮಗನ್ನ ಆಡಸ್ತಿದ್ದೆ." ಮುದುಕಿಯ ದನಿ ಒಡೆಯಿತು. ಬಟ್ಟಲನ್ನು ಕಲ್ಲವ್ವನ ಕೊರಳ ಬಿಲ್ಲೆಗೆ ಮುಟ್ಟಿಸಿ, "ಮೊದಲ ಅಕ್ಕಗ," ಎಂದಳು. "ಈಗ ನೀ ಕುಡಿ."

ಕಲ್ಲವ್ವ ಕುಡಿದಳು. ಬಾಯೆಲ್ಲ ತಾಮ್ರ ನೆಕ್ಕಿದ ಹಾಗಾಯಿತು. ಮಧ್ಯಾಹ್ನ ಉಂಡದ್ದೆಲ್ಲ ಕಾರಿಕೊಂಡಳು, ಅಂಗಾಲು ಅಂಗೈ ಉರಿದವು. "ಔಷಧ ಹತ್ಯದ," ಎಂದು ರುದ್ರವ್ವ ಸಂತೋಷದಿಂದ ಅವಳ ಬೆನ್ನು ನೀವಿದಳು.

ಹೀಗೇ ಮೂರು ಸೋಮವಾರ ನಡೆಯಿತು.

ನಾಲ್ಕನೆಯ ವಾರ ರವಿವಾರದ ದಿನ ಮಧ್ಯಾಹ್ನ ಕಲ್ಲವ್ವ ದಿಂಬಿನ ಅಳತೆ ನೋಡಬೇಕೆಂದು ಹೊದಿಕೆಯನ್ನು ಕಿಟಕಿಯ ಬಿಸಿಲಿಗೆ ಹರವಿದಳು. ಕೈಯಲ್ಲಿ ಹಿಡಿದು ಹೆಣೆಯುವಾಗ ಒಂದು ಸಾಲು ಕಾಣುತ್ತದೆ, ಹರವಿದಾಗಲೇ ಎಲ್ಲಾ ಕಾಣುವುದು. ಮಿಶನ್ ಶಾಲೆಯಲ್ಲಿ ಅವಳಿಗೆ ಕಲಿಸಿದ ಮೇಡಮ್ಮನವರು ಹುಡುಗಿಯರ ಹೆಣಿಕೆ ನೋಡಿಯೇ ಇವತ್ತು ಯಾರಿಗೆ ಜ್ವರ, ಯಾರು ಮನೆಯಲ್ಲಿ ಬೈಸಿಕೊಂಡು ಬಂದಿದ್ದಾರೆ ಎಂದು ಹೇಳಿಬಿಡುತ್ತಿದ್ದರು. ಬಾಯಿ ಸುಳ್ಳು ಹೇಳೀತು, ದಾರ ಎಳೆಯುವ ಕೈ ಹೇಳಲಾರದು.

ಭೀಮವ್ವನ ಕೈ ಒಳ್ಳೆಯ ಕೈ. ಮೊದಲ ಸಾಲುಗಳು ಗೆರೆ ಎಳೆದಂತೆ ನೆಟ್ಟಗಿದ್ದವು. ಮೊದಲ ಗುಳ್ಳೆಯ ಸಾಲಿನ ಮೇಲಿನ ಸಾಲು ಮಾತ್ರ ಸಡಿಲ. ಎರಡು ಕಡೆ ತೂತು ತಪ್ಪಿತ್ತು. ಅದರ ಮೇಲಿನದು ಸ್ವಲ್ಪ ಸುಧಾರಿಸಿ, ಐದನೆಯದು ಆರನೆಯದು ಮತ್ತೆ ಬಿಗಿಯಾಗಿದ್ದವು. ಮತ್ತೆ ಗುಳ್ಳೆ. ಮತ್ತೆ ಸಡಿಲ. ಈ ಸಲ ಎರಡು ಸಾಲು ಸೊಟ್ಟ. ಮೇಲೆ ಮೇಲೆ ಹೋದ ಹಾಗೆ ಸೊಟ್ಟ ಸಾಲು ಹೆಚ್ಚು, ನೆಟ್ಟ ಸಾಲು ಕಡಿಮೆ. ಒಂಬತ್ತನೆಯ ಗುಳ್ಳೆಯ ಹೊತ್ತಿಗೆ ನೆಟ್ಟಗಿನದು ಒಂದೂ ಇಲ್ಲ. ಹನ್ನೊಂದನೆಯ ಸಾಲಿನಲ್ಲಿ ಗುಳ್ಳೆಗಳೇ ಗುಳ್ಳೆಯಾಗಿರಲಿಲ್ಲ, ಐದು ಕುಣಿಕೆಯ ಕಡೆ ಮೂರು, ಎರಡು, ಒಂದು ಕಡೆ ಏನೂ ಇಲ್ಲದೆ ಬರೀ ತೂತು.

ಕಲ್ಲವ್ವ ಅಯ್ಯೋ ಪಾಪ ಅಂದುಕೊಂಡಳು. ಆಮೇಲೆ ತುಕ್ಕಿನ ಕಲೆಯಾಚೆಗೆ, ತಾನು ಹೆಣೆದದ್ದರ ಮೇಲೆ ಕಣ್ಣು ಹೋಯಿತು.

ಅಲ್ಲೂ ಅದೇ. ಗುಳ್ಳೆ, ಸಡಿಲ, ಸುಧಾರಿಸಿ ಬಿಗಿ. ಗುಳ್ಳೆ, ಎರಡು ಸೊಟ್ಟ. ಗುಳ್ಳೆ, ಮೂರು ಸೊಟ್ಟ. ಆ ಕಂದು ಕಲೆಯೊಂದಿಲ್ಲದಿದ್ದರೆ ಎಲ್ಲಿ ಭೀಮವ್ವನ ಕೈ ಮುಗಿದು ಎಲ್ಲಿ ತನ್ನ ಕೈ ಶುರುವಾಯಿತೆಂದು ಅವಳಿಗೇ ತಿಳಿಯುತ್ತಿರಲಿಲ್ಲ. ತನ್ನ ಗುಳ್ಳೆಯ ಸಾಲುಗಳೆಲ್ಲ ಸೋಮವಾರದವು.

ಅವಳು ಹೊದಿಕೆ ಸೆರಗಿನಲ್ಲಿ ಮುಚ್ಚಿಕೊಂಡು ಪಕ್ಕದ ಮನೆಯ ಗಂಗೂಬಾಯಿಯ ಹತ್ತಿರ ಓಡಿದಳು. ಗಂಗೂಬಾಯಿ ಮರಾಠಿ ಮುದುಕಿ, ಇಪ್ಪತ್ತು ವರ್ಷ ಕನ್ನಡದವರ ಗೋಡೆಗೆ ಗೋಡೆ ಹಚ್ಚಿಕೊಂಡು ಇದ್ದು ಕನ್ನಡವನ್ನೂ ಮರಾಠಿಯನ್ನೂ ಒಂದೇ ಕೊಡದಲ್ಲಿ ಕಲಸಿದ್ದವಳು.

"ಅಗಬಾಯಿ! ಇದು ಭೀಮಾಬಾಯಿದು," ಎಂದು ಅವಳು ಹೊದಿಕೆಯನ್ನು ಕಣ್ಣಿಗೆ ಒತ್ತಿಕೊಂಡಳು. "ಇಲ್ಲೇ ನನ್ನ ಕಟ್ಟಿ ಮೇಲೆ ಕೂತು ಹಾಕ್ತಿದ್ಲು. ದಿನಕ್ಕ ಒಂದು ಸಾಲು. ಸೋಮವಾರ ಬಂತು ಅಂದ್ರ ಗುಳ್ಳಿ. 'ಗಂಗೂಬಾಯಿ, ಇದು ಅತ್ತಿ ಔಷಧದ ಗುರ್ತು' ಅಂತಿದ್ಲು ಪೋರಿ, ನಗ್ತಿದ್ಲು. ಓದು ಬರಹ ಬರ್ತಿರ್ಲಿಲ್ಲ ನೋಡು, ಹನ್ನೆರಡು ಎಣಿಸ್ಲಿಕ್ಕ ಇದು."

"ಕಡೀಕ ಹೆಂಗಿದ್ರಿ ಅಕಿ?"

ಗಂಗೂಬಾಯಿ ಒಮ್ಮೆ ಗೋಡೆಯ ಕಡೆ ನೋಡಿ ದನಿ ತಗ್ಗಿಸಿದಳು. "ಬೆರಳು ಸತ್ತು ಹೋಗಿದ್ವು. ಹತ್ತಿ ಮುಟ್ಟಿದಂಗ ಆಗ್ತದ ಅಂತಿದ್ಲು. ಒಂದು ದಿವಸ ಹಂಚಿನ ಮ್ಯಾಲೆ ಕೈ ಇಟ್ಟಾಳ, ಸುಟ್ಟ ವಾಸನಿ ಬಂತು, ಅಕಿಗೆ ಗೊತ್ತೇ ಇಲ್ಲ. ಆಮೇಲೆ ವಾಂತಿ. ಆಮೇಲೆ..." ಮುದುಕಿ ಕಲ್ಲವ್ವನ ಕೈ ಹಿಡಿದು ತಿರುವಿ ನೋಡಿದಳು. "ನಿನಗೂ ಕೊಡ್ತಾಳೇನ ಗ ಪೋರಿ?"

ಆ ಸಂಜೆ ಕಲ್ಲವ್ವ ಗಂಡನಿಗೆ ಹೇಳಿದಳು, ಹೊದಿಕೆಯನ್ನೂ ತೋರಿಸಿದಳು. ಅವನು ಬಹಳ ಹೊತ್ತು ಅದನ್ನು ಹಿಂದೆ ಮುಂದೆ ತಿರುವಿದ. ಗೋದಾಮಿನಲ್ಲಿ ಸಾವಿರ ಕಂಬಳಿ ಎಣಿಸುವವನಿಗೆ ಈ ಸಾಲು ಓದಲು ಬರಲಿಲ್ಲ. "ಅವ್ವ ತಗೊಂಡs ನಾ ಹುಟ್ಟೀನಿ ಅಂತಾಳಲ್ಲ ಕಲ್ಲವ್ವ," ಎಂದ. "ಅಕಿಗೆ ನೀ ಸೊಸಿ ಕೊಂದಿ ಅಂತ ಯಾವ ಬಾಯಿಲೆ ಹೇಳ್ಲಿ?" ಅವನ ಕಣ್ಣು ಒದ್ದೆಯಾದವು. ಕಣ್ಣು ಒದ್ದೆಯಾಗಿ ಏನು ಬಂತು? ನಾಳೆ ಸೋಮವಾರ, ಬಟ್ಟಲು ಹೆಂಡತಿಯ ಬಾಯಿಗೆ ಬರುವುದು ತಪ್ಪಲಿಲ್ಲ.

ಬೆಳಿಗ್ಗೆ ಬಟ್ಟಲು ಬಂತು. ಬಿಲ್ಲೆಗೆ ಮುಟ್ಟಿಸಿದ್ದಾಯಿತು. ಕಲ್ಲವ್ವ ಕುಡಿಯಲಿಲ್ಲ. ಬಟ್ಟಲನ್ನು ಕೆಳಗಿಟ್ಟು, ಅತ್ತೆಯನ್ನು ಗಾದಿಯ ಮೇಲೆ ಕೂರಿಸಿ, ಹೊದಿಕೆಯನ್ನು ಅವಳ ತೊಡೆಯ ಮೇಲೆ ಹರವಿದಳು.

"ಏನವಾ ಇದು, ಮುಗೀತೇನು?"

"ಮುಟ್ಟಿ ನೋಡ್ರಿ ಅತ್ತಿ. ನಿಮ್ಮ ಬೆರಳಿಗೆ ತಿಳೀತದ. ಗುಳ್ಳಿ ಇದ್ದದ್ದು ಸೋಮವಾರ. ಅದರ ಮ್ಯಾಲಿನ ಸಾಲು ನೋಡ್ರಿ."

ರುದ್ರವ್ವನ ಬೆರಳು ಹೊರಟವು. ಮೊದಲು ಸುಮ್ಮನೆ ಸವರಿದಂತೆ, ಆಮೇಲೆ ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ. ಒಂದನೆಯ ಗುಳ್ಳೆ, ಸಡಿಲ ಸಾಲು. ಎರಡನೆಯದು. ಮೂರನೆಯದು. ಏಳಕ್ಕೆ ಬಂದಾಗ ಬೆರಳು ನಿಂತವು, ಹಿಂದಕ್ಕೆ ಹೋಗಿ ಮತ್ತೆ ಬಂದವು. ಹನ್ನೊಂದರ ಮೇಲಿನ ನಾಲ್ಕು ಸಾಲು ದಾಟಿ ತುಕ್ಕು ಹಿಡಿದ ಕುಣಿಕೆ ಮುಟ್ಟಿದಾಗ ಮುದುಕಿಯ ತುಟಿ ಅದುರಿತು. ತಿಳಿಯಿತು, ಶಿವನೇ, ಇವಳಿಗೆ ತಿಳಿಯಿತು ಎಂದುಕೊಂಡಳು ಕಲ್ಲವ್ವ.

ತಿಳಿದದ್ದನ್ನು ಒಪ್ಪುವುದು ಬೇರೆ ಮಾತು.

"ಅಂದ್ರ ಏನು ನಿನ್ನ ಮಾತು?" ರುದ್ರವ್ವನ ದನಿ ಏರಿತು. "ನನ್ನ ಭೀಮೀನ್ನ ನಾನs ಕೊಂದೆ ಅಂತೀಯೇನು? ಎಂಟು ವರ್ಷ ಎದಿಮ್ಯಾಲೆ ಹಾಕ್ಕೊಂಡು ಸಾಕಿದ್ದೆ ಅಕಿನ್ನ! ದಾರದ ಗಂಟು ನೋಡಿ ನನ್ನ ಕೊಲೆಗಾತಿ ಮಾಡ್ತೀಯಾ?"

"ಹಂಗಲ್ರಿ ಅತ್ತಿ, ಔಷಧದಾಗ..."

"ಬಾಯಿ ಮುಚ್ಚು! ಇದು ನನಗ ಮಗನ್ನ ಕೊಟ್ಟ ಔಷಧ." ಮುದುಕಿ ತಡಕಾಡಿ ಕೆಳಗಿನ ಬಟ್ಟಲು ಎತ್ತಿಕೊಂಡಳು. ಸಂಚಿಯಿಂದ ಇನ್ನೊಂದು ಪುಡಿಕೆ ತೆಗೆದು ಅದಕ್ಕೇ ಸುರಿದಳು. "ನಿನಗ ಒಂದು ಹಾಕಿದ್ರ ನನಗ ಎರಡು. ಮೂರು ಸೋಮವಾರ ನಾ ಕುಡೀತೀನಿ. ನನಗೇನರೆ ಆದ್ರ ನಿನ್ನ ಮಾತು ಖರೆ. ಏನೂ ಆಗ್ಲಿಲ್ಲಂದ್ರ ನಾಲ್ಕನೇ ಸೋಮವಾರದಿಂದ ನೀ ತುಟಿ ಪಿಟ್ಟೆನ್ನದೆ ಕುಡದು ಹನ್ನೆರಡೂ ಮುಗಸಬೇಕು. ನಿನ್ನ ಕ್ರೋಶಾದಾಗ ನನ್ನ ಗುಳ್ಳೀನೂ ಹಾಕು, ಲೆಕ್ಕ ತಪ್ಪಬಾರದು!"

ಕಲ್ಲವ್ವ ಕೈ ಹಿಡಿಯುವಷ್ಟರಲ್ಲಿ ಗಟಗಟನೆ ಕುಡಿದು ಬಟ್ಟಲು ಬೋರಲು ಹಾಕಿದ್ದಳು.

ಆ ಮೂರು ವಾರ ಕಲ್ಲವ್ವನಿಗೆ ಅನ್ನ ಇಳಿಯಲಿಲ್ಲ. ಡಬ್ಬಿ ಕದಿಯೋಣವೆಂದರೆ ಅದು ಮುದುಕಿಯ ಸೊಂಟ ಬಿಟ್ಟು ಇಳಿಯದು. ಪುಡಿಕೆಯಲ್ಲಿ ಹಿಟ್ಟು ತುಂಬಿ ಇಡೋಣವೆಂದರೆ ಆ ಬೆರಳಿಗೆ ಮೋಸ ಮಾಡುವವರಾರು? ಗಂಡನ ಕೈಲಿ ಹೇಳಿಸಿದಳು, ತಾನೇ ಕಾಲು ಹಿಡಿದಳು. "ಬ್ಯಾಡ್ರಿ ಅತ್ತಿ, ನನ್ನ ಮ್ಯಾಲಿನ ಸಿಟ್ಟಿಗೆ ಜೀವಾ ಕಳ್ಕೋಬ್ಯಾಡ್ರಿ" ಎಂದು ಅತ್ತಳು. ರುದ್ರವ್ವ ಕಲ್ಲು. ಮೊದಲ ಸೋಮವಾರ ಮಧ್ಯಾಹ್ನ ಬಚ್ಚಲ ಹಿಂದೆ ಯಾರೋ ಓಕರಿಸುವ ಸದ್ದು ಕೇಳಿ ಓಡಿಹೋದರೆ ಮುದುಕಿ ಬಾಯಿ ಮುಕ್ಕಳಿಸುತ್ತ, "ಏನಿಲ್ಲ, ನಿನ್ನಿ ಪಲ್ಯಾಕ್ಕ ಖಾರ ಭಾಳ ಆಗಿತ್ತು," ಎಂದಳು. ಎರಡನೆಯ ವಾರ ಗೋಡೆ ಹಿಡಿದು ನಡೆದಳು. "ಮೊದಲಿಂದ ಹಿಂಗs ನಡೀತೀನಿ," ಎಂದಳು.

ಅದಕ್ಕಿಂತ ಕೆಟ್ಟದ್ದು ಕಲ್ಲವ್ವನ ಮನಸ್ಸಿನಲ್ಲಿ ನಡೆದಿತ್ತು. ಅತ್ತೆ ಕೆಮ್ಮಿದರೆ ಕಿವಿ ನಿಮಿರುತ್ತಿತ್ತು. ಅತ್ತೆ ಎಡವಿದರೆ ಎದೆ ಹಗುರಾಗುತ್ತಿತ್ತು. ಮರುಕ್ಷಣ ತನ್ನ ಮೇಲೆ ತನಗೇ ಹೇಸಿಗೆಯಾಗಿ ಗಲ್ಲ ಗಲ್ಲ ಬಡಿದುಕೊಳ್ಳುವಳು. ಮುದುಕಿ ಗಟ್ಟಿಯಾಗಿದ್ದರೆ ತಾನು ಸಾಯಬೇಕು, ತಾನು ಬದುಕಬೇಕೆಂದರೆ ಮುದುಕಿ ಬೀಳಬೇಕು. ಇಂಥ ಇಕ್ಕಟ್ಟು ಹಗೆಯವರಿಗೂ ಬರಬಾರದು. ಔಷಧ ನಿಂತಿದ್ದಕ್ಕೋ ಏನೋ, ಅವಳ ಹೆಣಿಕೆ ಮಾತ್ರ ದಿನದಿಂದ ದಿನಕ್ಕೆ ನೆಟ್ಟಗಾಯಿತು. ನಸುಕಿನಲ್ಲಿ ಕೂತು ಸೋಮವಾರಕ್ಕೊಂದು ಗುಳ್ಳೆಯ ಸಾಲು ಅತ್ತೆಯ ಹೆಸರಿನಲ್ಲಿ ಹಾಕಿದಳು. ಒಂದೊಂದು ಗುಳ್ಳೆಗೂ ಐದೈದು ಕುಣಿಕೆ, ಗಟ್ಟಿ, ದುಂಡಗೆ, ಕುರುಡರಿಗೂ ಸಿಗುವಂಥವು.

ಮೂರನೆಯ ವಾರ ರಾತ್ರಿಯೂಟಕ್ಕೆ ಕೂತ ಸಂಕಪ್ಪ ತಟ್ಟನೆ ದವಡೆ ಹಿಡಿದುಕೊಂಡ. "ಅವ್ವಾ, ಅನ್ನದಾಗ ಕಲ್ಲು."

ಆ ಮನೆಯಲ್ಲಿ ಹುಟ್ಟಿದಂದಿನಿಂದ ಅವನು ಅನ್ನದಲ್ಲಿ ಕಲ್ಲು ಕಡಿದವನಲ್ಲ. "ಅಂಗಡಿಯವನ ಅಕ್ಕಿ ಸುಮಾರದ," ಎಂದಳು ರುದ್ರವ್ವ. ಅಂದವಳು ಎರಡೂ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಕಲ್ಲವ್ವ ಅದನ್ನು ನೋಡಿದಳು.

ನಾಲ್ಕನೆಯ ಸೋಮವಾರ ಬಂತು. ಸಂಕಪ್ಪ ಕೆಲಸಕ್ಕೆ ಹೋಗದೆ ಬಾಗಿಲಲ್ಲಿ ನಿಂತಿದ್ದ. ರುದ್ರವ್ವ ಮೈ ತೊಳೆದು, ವಿಭೂತಿ ಹಚ್ಚಿ, ಗಾದಿಯ ಮೇಲೆ ನೆಟ್ಟಗೆ ಕೂತಿದ್ದಳು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು, ಆದರೆ ಗತ್ತು ಮೊದಲಿನದೇ.

"ಏನಾತು ನನಗ? ಸತ್ತೆನೇನು? ಕೂತೀನಿ ನೋಡು ನಿನ್ನ ಮುಂದ. ಈಗ ಹಾಲು ತಾ. ಅದಕ್ಕ ಮೊದಲ ಆ ಕ್ರೋಶಾ ಕೊಡು, ನನ್ನ ಮೂರು ಸಾಲು ಹಾಕೀಯೋ ಇಲ್ಲೋ ನೋಡ್ತೀನಿ."

ಕಲ್ಲವ್ವ ಹೊದಿಕೆಯನ್ನು ಅವಳ ತೊಡೆಯ ಮೇಲಿಟ್ಟಳು. ಅತ್ತೆಯ ಬಲಗೈ ಎತ್ತಿ ಕೊನೆಯ ಮೂರು ಗುಳ್ಳೆಯ ಸಾಲುಗಳ ಮೇಲೆ ತಾನೇ ಇಟ್ಟಳು. ಆ ಕೈ ಸವರಿತು. ಹಿಂದಕ್ಕೆ ಹೋಯಿತು, ಮುಂದಕ್ಕೆ ಬಂತು. ಕಡಲೆಕಾಳಿನಂಥ ಗುಳ್ಳೆಗಳು ಬೆರಳಿನ ಕೆಳಗೆ ಬಾಗಿ ಬಾಗಿ ಏಳುತ್ತಿದ್ದವು.

"ಎಲ್ಲೆ ಅದಾವ?" ಎಂದಳು ರುದ್ರವ್ವ ಸಿಟ್ಟಿನಿಂದ. "ಎಲ್ಲಾ ಸಪಾಟ ಅದ. ಮೋಸಗಾರ್ತಿ, ಒಂದರೆ ಗುಳ್ಳಿ ಹಾಕೀಯೇನು?"

ಬಾಗಿಲಲ್ಲಿ ಸಂಕಪ್ಪ ಮುಖ ಮುಚ್ಚಿಕೊಂಡ.

"ಅತ್ತಿ," ಎಂದಳು ಕಲ್ಲವ್ವ, "ಅವು ನಿಮ್ಮ ಬೆರಳ ಕೆಳಗs ಅದಾವ್ರಿ."

ರುದ್ರವ್ವ ಕೈ ಎತ್ತಿದಳು. ಕಾಣದ ಕಣ್ಣಿನ ಮುಂದೆ ಹಿಡಿದಳು. ಬೆರಳಿಗೆ ಬೆರಳು ಉಜ್ಜಿದಳು. ಆಮೇಲೆ ಬಾಗಿ ಹೊದಿಕೆಯನ್ನು ಕೆನ್ನೆಗೆ ಒತ್ತಿಕೊಂಡಳು. ಬೆರಳಿಗೆ ಸಿಗದ ಗುಳ್ಳೆ ಕೆನ್ನೆಗೆ ಸಿಕ್ಕವು, ಮೂರು ಸಾಲು, ಒಂದಾದ ಮೇಲೊಂದು.

"ಅಕಿಗೂ ಹಿಂಗs ಆಗಿತ್ತೇನು?" ಎಂದು ಕಡೆಗೆ ಕೇಳಿದಳು. "ಭೀಮಿಗೆ?"

"ಹೌದ್ರಿ."

"ಕೈಯಾಗಿನ ಚರಿಗಿ ಬಿಟ್ರ ನಾ ಅಕಿಗೆ ಬೈತಿದ್ದೆ. ಲಕ್ಷ್ಯ ಎಲ್ಲಿಟ್ಟಿ ಅಂತ ಬೈತಿದ್ದೆ." ಮುದುಕಿ ಸಂಚಿ ಬಿಚ್ಚಿ ಡಬ್ಬಿಯನ್ನು ಮಗನಿದ್ದ ದಿಕ್ಕಿಗೆ ಚಾಚಿದಳು. "ಎಲ್ಲರೆ ಆಳಕ್ಕ ಹುಗದು ಬಾ. ಯಾರ ಬಾವಿ ಹತ್ರಾನೂ ಬ್ಯಾಡ." ಆಮೇಲೆ ಸೊಸೆಯ ಕಡೆ ತಿರುಗಿದಳು. "ಕಲ್ಲವ್ವಾ, ಆ ಬಿಲ್ಲಿ ಬಿಚ್ಚು. ಅದು ನಿನ್ನ ಕೊರಳಾಗ ಇರೂದಲ್ಲ. ನನಗ ಕಟ್ಟು. ಅಕಿನ್ನ ಹೊರಬೇಕಾದಾಕಿ ನಾನು."

ಕಲ್ಲವ್ವ ಬಿಲ್ಲೆ ಬಿಚ್ಚಿ ಅತ್ತೆಯ ಕೊರಳಿಗೆ ಕಟ್ಟಿದಳು. ದಾರ ಜಾರದಂತೆ ಎರಡು ಗಂಟು ಹಾಕಿದಳು. ರುದ್ರವ್ವ ಎದೆಯ ಮೇಲೆ ಎರಡೂ ಕೈಯಿಂದ ತಡಕಾಡಿದಳು. ಬೆಳ್ಳಿ ಅವಳ ಬೆರಳಿಗೆ ತಾಗಿ ಅಲ್ಲಾಡುತ್ತಿತ್ತು.

"ಕಟ್ಟಿದೇನವಾ?" ಎಂದಳು.

"ಕಟ್ಟೀನ್ರಿ ಅತ್ತಿ."

ಮುದುಕಿ ಮತ್ತೆ ತಡಕಾಡಿದಳು. "ಯಾವಾಗ ಕಟ್ತೀ?" ಎಂದು ಕೇಳಿದಳು.